ಪಾರ್ಕಿನ್ಸನ್ಸ್‌ನಲ್ಲಿ ಅರಿವಿನ ಕುಂದು: ಪತ್ತೆ ಹಚ್ಚೋದು ಹೇಗೆ, ಎಡವೋದು ಎಲ್ಲಿ?

ಗಡಿಯಾರದ ಚಿತ್ರ ಬರೆದು ಮುಳ್ಳುಗಳನ್ನು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಇಡಬೇಕು ಅಂದರೆ ಏನೆಲ್ಲ ಬೇಕು, ಯೋಚಿಸಿ. ಪೆನ್ಸಿಲ್ ಹಿಡಿದು ಅಭ್ಯಾಸ ಇರಬೇಕು. ಅಂಕಿ ಗೊತ್ತಿರಬೇಕು. ವೃತ್ತದೊಳಗೆ ಹನ್ನೆರಡು ಅಂಕಿಗೂ ಜಾಗ ಹಂಚುವ ಅಂದಾಜು ಇರಬೇಕು. 'ಹತ್ತು' ಅಂದ ಕೂಡಲೇ ಹತ್ತರ ಮೇಲೆ ಮುಳ್ಳು ಇಡುವ ಅವಸರವನ್ನು ತಡೆದು, ಎರಡರ ಮೇಲೆ ಇಡುವ ಹತೋಟಿ ಬೇಕು. ಮತ್ತೆ, ಕೈ ನಡುಗಬಾರದು. ಇದೇ ಪರೀಕ್ಷೆಯನ್ನು ಪಾರ್ಕಿನ್ಸನ್ಸ್ ಇರುವ, ಶಾಲೆಯ ಮೆಟ್ಟಿಲನ್ನೇ ಹತ್ತದ, ಎಪ್ಪತ್ತು ವರ್ಷದ ಕೃಷಿ ಕೂಲಿ ಮಹಿಳೆಯೊಬ್ಬರಿಗೆ ಕೊಟ್ಟರೆ ಗಡಿಯಾರ ಸೊಟ್ಟಗಾಗುತ್ತೆ. ಅದು ಸೊಟ್ಟಗಾಗಿದ್ದು ಮೆದುಳಿನ ತೊಂದರೆಯಿಂದಲೋ, ಕೈ ನಡುಕದಿಂದಲೋ, ಅಥವಾ ಅರವತ್ತು ವರ್ಷದ ಹಿಂದೆ ಊರಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸದೇ ಇದ್ದಿದ್ದರಿಂದಲೋ?

ಪಾರ್ಕಿನ್ಸನ್ಸ್ ಇರುವವರಲ್ಲಿ ಅರಿವಿನ ಸೌಮ್ಯ ಕುಂದನ್ನು ಪತ್ತೆ ಮಾಡುವ ಇಡೀ ಕಸರತ್ತು ಈ ಪ್ರಶ್ನೆಯ ಸುತ್ತಲೇ ಇದೆ. ವೈದ್ಯರು ಇದಕ್ಕೆ ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಅಂತಾರೆ, ಚಿಕ್ಕದಾಗಿ ಎಂಸಿಐ. ಇದಕ್ಕೆ ರಕ್ತ ಪರೀಕ್ಷೆ ಇಲ್ಲ. ಎಂಆರ್‌ಐ ತೆಗೆಸಿದರೆ ಪಾರ್ಶ್ವವಾಯು, ಗಡ್ಡೆ, ಮೆದುಳಲ್ಲಿ ನೀರು ತುಂಬುವಂಥ ಬೇರೆ ಕಾರಣಗಳು ಇಲ್ಲ ಅಂತ ಗೊತ್ತಾಗಬಹುದೇ ಹೊರತು, 'ಇದು ಎಂಸಿಐ' ಅಂತ ಫಿಲ್ಮ್ ಮೇಲೆ ಬರೆದಿರಲ್ಲ. ಮಾತಾಡಿಸಿ, ಕೇಳಿ, ಪ್ರಶ್ನೆ ಕೊಟ್ಟು, ಅಂಕ ಹಾಕಿಯೇ ತೀರ್ಮಾನಕ್ಕೆ ಬರಬೇಕು. ಹಾಗಾಗಿ ಪ್ರಶ್ನೆ ಯಾರಿಗಾಗಿ ತಯಾರಾಯಿತು, ಅಂಕವನ್ನು ಯಾರ ಜೊತೆ ಹೋಲಿಸ್ತೀವಿ ಅನ್ನೋದು ಇಲ್ಲಿ ವಿಪರೀತ ಮುಖ್ಯವಾಗುತ್ತೆ.

ನಡುಕದ ಕಾಯಿಲೆಗೆ ಬುದ್ಧಿಯ ಜೊತೆ ಏನು ಸಂಬಂಧ?

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಮೊದಲ ಪ್ರಬಂಧ ಬರೆದಾಗ, ರೋಗಿಯ ಇಂದ್ರಿಯ ಮತ್ತು ಬುದ್ಧಿಗೆ ಧಕ್ಕೆ ಆಗಲ್ಲ ಅಂತಲೇ ಹೇಳಿದ್ದ. ಆ ಮಾತು ಬಹಳ ಕಾಲ ಉಳಿದುಕೊಂಡಿತು. ಇವತ್ತಿಗೂ ಜನರ ಮನಸ್ಸಿನಲ್ಲಿ ಪಾರ್ಕಿನ್ಸನ್ಸ್ ಅಂದರೆ ಕೈ ನಡುಕ, ಬಿಗಿತ, ನಿಧಾನ ನಡಿಗೆ, ಅಷ್ಟೇ.

ಅಸಲಿಗೆ ಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸತ್ತಾಗ ಕೈಕಾಲಿನ ಚಲನೆಯ ಜೊತೆಗೆ ಯೋಜನೆ ಹಾಕುವ, ಗಮನ ಬದಲಾಯಿಸುವ ಜಾಲಗಳೂ ಬಡವಾಗುತ್ತವೆ. ಕಾಯಿಲೆ ಹರಡುತ್ತಾ ಹೋದಂತೆ ಅಸಿಟೈಲ್‌ಕೋಲಿನ್‌ನಂಥ ಬೇರೆ ರಾಸಾಯನಿಕಗಳ ವ್ಯವಸ್ಥೆಗೂ ಪೆಟ್ಟು ಬೀಳುತ್ತೆ. 2010ರಲ್ಲಿ ಪ್ರಕಟವಾದ, ಹಲವು ದೇಶಗಳ 1,346 ರೋಗಿಗಳ ಮಾಹಿತಿ ಒಟ್ಟು ಮಾಡಿದ ವಿಶ್ಲೇಷಣೆಯಲ್ಲಿ ಶೇ 25.8 ಮಂದಿಗೆ ಎಂಸಿಐ ಇತ್ತು. 2020ರ ಇನ್ನೊಂದು ಸಮಗ್ರ ವಿಶ್ಲೇಷಣೆ ಇದನ್ನು ಸುಮಾರು ಶೇ 40 ಅಂತು. ಭಾರತದಲ್ಲಿ 2016ರ ಅಂದಾಜಿನ ಪ್ರಕಾರವೇ 5.8 ಲಕ್ಷ ಪಾರ್ಕಿನ್ಸನ್ಸ್ ರೋಗಿಗಳಿದ್ದರು. ಕಡಿಮೆ ಲೆಕ್ಕ ಹಿಡಿದರೂ ಲಕ್ಷಕ್ಕೂ ಹೆಚ್ಚು ಜನರ ವಿಷಯ ಇದು.

ಮನೆಯವರು ಇದನ್ನು ಗುರುತಿಸದೇ ಇರೋದಕ್ಕೆ ಒಂದು ಸರಳ ಕಾರಣ ಇದೆ: ನಾವು ಮರೆವನ್ನು ಹುಡುಕ್ತಾ ಇರ್ತೀವಿ. ಪಾರ್ಕಿನ್ಸನ್ಸ್‌ನಲ್ಲಿ ಎಷ್ಟೋ ಸಲ ಮೊದಲು ಕೆಡೋದು ನೆನಪಲ್ಲ. ಎರಡು ಒಲೆ ಹಚ್ಚಿಟ್ಟು ಸಾರು, ಪಲ್ಯ ಒಟ್ಟಿಗೆ ನೋಡಿಕೊಳ್ಳೋಕೆ ಆಗಲ್ಲ. ನಾಲ್ಕು ಜನ ಮಾತಾಡುವಾಗ ಯಾರು ಏನಂದರು ಅಂತ ಎಳೆ ಹಿಡಿಯೋಕೆ ಆಗಲ್ಲ. ಉತ್ತರ ಬರುತ್ತೆ, ಆದರೆ ತಡವಾಗಿ. ಚಿಲ್ಲರೆ ಲೆಕ್ಕ ತಪ್ಪುತ್ತೆ. ಹೆಸರು ಮರೆತಂತಿದ್ದರೂ ಒಂದು ಸುಳಿವು ಕೊಟ್ಟರೆ ಥಟ್ಟನೆ ನೆನಪಾಗುತ್ತೆ. ಅಂದರೆ ನೆನಪು ಒಳಗಿದೆ, ಹೊರಗೆ ಎಳೆಯೋದು ಕಷ್ಟ. ಇದನ್ನೆಲ್ಲ ನೋಡಿದವರು 'ಸೋಂಬೇರಿಯಾಗಿದ್ದಾರೆ', 'ಬೇಜಾರಲ್ಲಿದ್ದಾರೆ' ಅಂತಾರೆ. ಇಲ್ಲಾಂದ್ರೆ ಅರವತ್ತಕ್ಕೆ ಅರಳು ಮರಳು ಅಂದು ಮುಗಿಸ್ತಾರೆ. ಆ ಗಾದೆಯಿಂದ ಎಷ್ಟು ರೋಗಿಗಳ ಪರೀಕ್ಷೆ ತಪ್ಪಿಹೋಗಿದೆಯೋ.

2012ರ ಸೂತ್ರ

ಈಗ ಜಗತ್ತಿನಾದ್ಯಂತ ಬಳಸೋದು ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಎಂಬ ಅಂತಾರಾಷ್ಟ್ರೀಯ ತಜ್ಞರ ಸಂಘ 2012ರಲ್ಲಿ ಕೊಟ್ಟ ಮಾನದಂಡ. ಅದರ ಪ್ರಕಾರ ಮೊದಲು ಪಾರ್ಕಿನ್ಸನ್ಸ್ ಇರೋದು ಖಚಿತವಾಗಿರಬೇಕು. ಬುದ್ಧಿಶಕ್ತಿ ನಿಧಾನವಾಗಿ ಕುಂದುತ್ತಿದೆ ಅಂತ ರೋಗಿಯೋ, ಮನೆಯವರೋ ಹೇಳಿರಬೇಕು, ಅಥವಾ ವೈದ್ಯರ ಗಮನಕ್ಕೆ ಬಂದಿರಬೇಕು. ಪರೀಕ್ಷೆಯಲ್ಲಿ ಆ ಕುಂದು ಕಾಣಿಸಬೇಕು. ಆದರೆ ದಿನನಿತ್ಯದ ಬದುಕನ್ನು ಸ್ವತಂತ್ರವಾಗಿ ನಡೆಸಿಕೊಂಡು ಹೋಗುವಷ್ಟು ಸಾಮರ್ಥ್ಯ ಉಳಿದಿರಬೇಕು. ಜಟಿಲ ಕೆಲಸಗಳಲ್ಲಿ ಸಣ್ಣಪುಟ್ಟ ತೊಡಕು ಪರವಾಗಿಲ್ಲ. ಸ್ವಾತಂತ್ರ್ಯವೇ ಹೋಗಿದ್ದರೆ ಅದು ಎಂಸಿಐ ಅಲ್ಲ, ಪಾರ್ಕಿನ್ಸನ್ಸ್ ಡಿಮೆನ್ಷಿಯಾ, ಅಂದರೆ ಮರೆಗುಳಿತನದ ಹಂತ. ಅದಕ್ಕೆ 2007ರಿಂದಲೇ ಬೇರೆ ಮಾನದಂಡ ಇದೆ.

ಇನ್ನೊಂದು ಗಡಿಯೂ ಇದೆ. ನಡುಕ, ಬಿಗಿತ ಶುರುವಾಗುವ ಮೊದಲೇ ಅಥವಾ ಶುರುವಾದ ಒಂದು ವರ್ಷದೊಳಗೆ ಡಿಮೆನ್ಷಿಯಾ ಬಂದಿದ್ದರೆ ಅದನ್ನು ಲೆವಿ ಬಾಡಿ ಡಿಮೆನ್ಷಿಯಾ ಅಂತ ಬೇರೆ ಕಾಯಿಲೆಯಾಗಿ ಪರಿಗಣಿಸ್ತಾರೆ. ಮೆದುಳಿನೊಳಗಿನ ಬದಲಾವಣೆ ಹೆಚ್ಚುಕಡಿಮೆ ಅದೇ. ಒಂದು ವರ್ಷ ಅನ್ನೋದು ಮನುಷ್ಯರು ಎಳೆದ ಗೆರೆ.

2012ರ ಮಾನದಂಡದಲ್ಲಿ ಎರಡು ಹಂತದ ಪರೀಕ್ಷೆ ಇದೆ. ಮೊದಲನೇ ಹಂತದ್ದು ಚಿಕ್ಕದು: ಮೋಕಾ ಅನ್ನುವ 30 ಅಂಕದ ಪರೀಕ್ಷೆಯೋ, ಪಾರ್ಕಿನ್ಸನ್ಸ್‌ಗಾಗಿಯೇ ಮಾಡಿದ ಬೇರೆ ಅಳತೆಗೋಲೋ ಸಾಕು. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತೆ. ಪಾರ್ಕಿನ್ಸನ್ಸ್ ರೋಗಿಗಳ ಮೇಲೆ 2010ರಲ್ಲಿ ನಡೆದ ಅಧ್ಯಯನವೊಂದು ಮೋಕಾದಲ್ಲಿ 26ಕ್ಕಿಂತ ಕಡಿಮೆ ಬಂದರೆ ಎಂಸಿಐ, 21ಕ್ಕಿಂತ ಕಡಿಮೆ ಬಂದರೆ ಡಿಮೆನ್ಷಿಯಾ ಇರುವ ಸಾಧ್ಯತೆ ಅಂತ ಗೆರೆ ಹಾಕಿತು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದ್ದ ಎಂಎಂಎಸ್‌ಇ ಅನ್ನುವ ಹಳೇ ಪರೀಕ್ಷೆ ಇಲ್ಲಿ ಅಷ್ಟು ಉಪಯೋಗಕ್ಕೆ ಬರಲ್ಲ. ದಿನಾಂಕ, ಸ್ಥಳ, ಮೂರು ಪದಗಳ ನೆನಪು ಅಂತ ಹೋಗುವ ಅದರಲ್ಲಿ, ಪಾರ್ಕಿನ್ಸನ್ಸ್ ಮೊದಲು ಕೆಡಿಸುವ ಯೋಜನಾ ಶಕ್ತಿಯನ್ನು ಕೆಣಕುವ ಪ್ರಶ್ನೆಗಳೇ ಕಡಿಮೆ. 30ಕ್ಕೆ 28 ತೆಗೆದುಕೊಂಡು 'ನಾರ್ಮಲ್' ಅನ್ನಿಸಿಕೊಂಡು ಮನೆಗೆ ಹೋದವರಿಗೆ ನಿಜಕ್ಕೂ ತೊಂದರೆ ಇರಬಹುದು.

ಎರಡನೇ ಹಂತದ್ದು ದೊಡ್ಡದು. ಗಮನ, ಯೋಜನೆ, ಭಾಷೆ, ನೆನಪು, ಕಣ್ಣಳತೆಯ ಅಂದಾಜು — ಈ ಐದು ಕ್ಷೇತ್ರಗಳಲ್ಲಿ ತಲಾ ಎರಡು, ಅಂದರೆ ಒಟ್ಟು ಹತ್ತು ಪರೀಕ್ಷೆ. ಕನಿಷ್ಠ ಎರಡರಲ್ಲಿ ಕುಂದು ಕಂಡರೆ ಎಂಸಿಐ. ತರಬೇತಾದ ನ್ಯೂರೋಸೈಕಾಲಜಿಸ್ಟ್ ಬೇಕು, ಗಂಟೆಗಟ್ಟಲೆ ಸಮಯ ಬೇಕು, ನಡುವೆ ರೋಗಿಗೆ ವಿಶ್ರಾಂತಿಯೂ ಬೇಕು.

'ಕುಂದು' ಅಂದರೆ ಎಷ್ಟು ಅನ್ನೋದರಲ್ಲೇ ಮಜಾ ಇರೋದು. ಅದೇ ವಯಸ್ಸಿನ, ಅಷ್ಟೇ ಓದಿದ ಆರೋಗ್ಯವಂತರ ಸರಾಸರಿಗಿಂತ 1ರಿಂದ 2 ಸ್ಟ್ಯಾಂಡರ್ಡ್ ಡೀವಿಯೇಶನ್ ಕೆಳಗಿದ್ದರೆ ಕುಂದು ಅಂತ ಮಾನದಂಡ ಹೇಳುತ್ತೆ. 1ರಿಂದ 2 ಅನ್ನೋದು ಸಣ್ಣ ಅಂತರದಂತೆ ಕಾಣುತ್ತೆ. ಎಂಜಿನಿಯರಿಂಗ್ ಓದಿದ ಚಟ, ಲೆಕ್ಕ ಹಾಕಿ ನೋಡಿದೆ. ಯಾವ ಕಾಯಿಲೆಯೂ ಇಲ್ಲದ ನೂರು ಜನರಿಗೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪರೀಕ್ಷೆ ಕೊಟ್ಟರೆ, ಬರೀ ಆಕಸ್ಮಿಕವಾಗಿ ಎರಡು ಅಥವಾ ಹೆಚ್ಚು ಪರೀಕ್ಷೆಗಳಲ್ಲಿ 'ಫೇಲ್' ಆಗುವವರು ಎಷ್ಟು ಜನ? ಗೆರೆಯನ್ನು 2 ಡೀವಿಯೇಶನ್‌ಗೆ ಇಟ್ಟರೆ ಇಬ್ಬರು. 1.5ಕ್ಕೆ ಇಟ್ಟರೆ ಹದಿನಾಲ್ಕು. 1ಕ್ಕೆ ಇಟ್ಟರೆ ನಲವತ್ತೊಂಬತ್ತು! ನಿಜವಾದ ಪರೀಕ್ಷೆಗಳು ಪರಸ್ಪರ ಸಂಬಂಧ ಇರುವಂಥವು, ಹಾಗಾಗಿ ಈ ಅಂಕಿ ಹಿಂದೆಮುಂದೆ ಆಗುತ್ತೆ. ಆದರೆ ವಿಷಯ ಸ್ಪಷ್ಟ: ಗೆರೆ ಎಲ್ಲಿ ಎಳೀತೀವಿ ಅನ್ನೋದರ ಮೇಲೆ ಆರೋಗ್ಯವಂತರಲ್ಲಿ ಅರ್ಧದಷ್ಟು ಜನರನ್ನೂ ರೋಗಿಗಳನ್ನಾಗಿ ಮಾಡಬಹುದು. 2013ರಲ್ಲಿ ಬಂದ ಒಂದು ಅಧ್ಯಯನ 2 ಡೀವಿಯೇಶನ್ನೇ ಹೆಚ್ಚು ನಂಬಿಕೆಗೆ ಅರ್ಹ ಅಂತು. ಅಂಕದ ಜೊತೆಗೆ 'ಮೊದಲಿನ ಹಾಗಿಲ್ಲ' ಅನ್ನುವ ದೂರೂ ಇರಬೇಕು ಅಂತ ಮಾನದಂಡ ಪಟ್ಟು ಹಿಡಿಯೋದು ಇದಕ್ಕೇ. ಶೇ 25, ಶೇ 40 ಅಂತ ಅಧ್ಯಯನಗಳಲ್ಲಿ ಬೇರೆಬೇರೆ ಪ್ರಮಾಣ ಬರೋದಕ್ಕೂ ಇದೊಂದು ಕಾರಣ.

ಅಂಕ ಹಾಕುವ ಮೊದಲು

ಇಷ್ಟಾದರೂ ಅಂಕ ಕಡಿಮೆ ಬಂದ ಮಾತ್ರಕ್ಕೆ ತೀರ್ಪು ಕೊಡೋ ಹಾಗಿಲ್ಲ. ಖಿನ್ನತೆ, ಆತಂಕ, ಹಗಲುಹೊತ್ತಿನ ತೂಕಡಿಕೆ, ಭ್ರಮೆ ಕಾಣೋದು — ಇವೆಲ್ಲ ಪಾರ್ಕಿನ್ಸನ್ಸ್ ಜೊತೆಗೇ ಬರುತ್ತವೆ, ಇವೆಲ್ಲವೂ ಅಂಕ ಇಳಿಸುತ್ತವೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಎದ್ದು ನಿಂತಾಗ ಬಿಪಿ ಕುಸಿಯೋದು, ಮೂತ್ರದ ಸೋಂಕು, ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿದ್ದು, ಸರಿಯಾಗಿ ಕಾಣದ ಕಣ್ಣು, ಕೇಳದ ಕಿವಿ — ಎಲ್ಲ ಒಮ್ಮೆ ನೋಡಬೇಕು.

ಮಾತ್ರೆಗಳ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತೆ. ಟ್ರೈಹೆಕ್ಸಿಫೆನಿಡಿಲ್ ಅಂತ ಒಂದು ಹಳೆಯ, ಅಗ್ಗದ ಮಾತ್ರೆ ಇದೆ. ನಡುಕ ಕಡಿಮೆ ಮಾಡುತ್ತೆ ನಿಜ. ಆದರೆ ಅದು ಕೆಲಸ ಮಾಡೋದೇ ಮೆದುಳಿನ ಅಸಿಟೈಲ್‌ಕೋಲಿನ್ ಅನ್ನು ತಡೆದು, ಅಂದರೆ ನೆನಪಿಗೂ ಗಮನಕ್ಕೂ ಬೇಕಾದ ರಾಸಾಯನಿಕಕ್ಕೇ ಅಡ್ಡಗಾಲು ಹಾಕಿ. ವಯಸ್ಸಾದವರಿಗೆ ಇದನ್ನು ಕೊಡುವಾಗ ಬಹಳ ಎಚ್ಚರಿಕೆ ಬೇಕು ಅಂತ ವೈದ್ಯಶಾಸ್ತ್ರ ಎಂದೋ ಹೇಳಿದೆ. ಆದರೂ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ವರ್ಷಗಟ್ಟಲೆ ತಗೊಳ್ಳುವವರು ಇದ್ದಾರೆ. ಪದೇಪದೇ ಮೂತ್ರಕ್ಕೆ ಹೋಗೋದನ್ನು ತಡೆಯುವ ಕೆಲವು ಮಾತ್ರೆಗಳು, ಕೆಲವು ನಿದ್ದೆ ಮಾತ್ರೆಗಳು ಕೂಡ ಹೀಗೇ ತಲೆಗೆ ಮಂಕು ಕವಿಸಬಹುದು. ಎಂಸಿಐ ಅಂತ ಹೇಳುವ ಮೊದಲು ಮಾತ್ರೆಯ ಡಬ್ಬಿಯನ್ನು ಪೂರ್ತಿ ಮೇಜಿನ ಮೇಲೆ ಸುರಿದು ನೋಡಬೇಕು. ಹಾಗಂತ ನೀವೇ ಮಾತ್ರೆ ನಿಲ್ಲಿಸೋಕೆ ಹೋಗಬೇಡಿ. ಪಾರ್ಕಿನ್ಸನ್ಸ್ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ್ ನಿಧಾನವಾಗಿ ಇಳಿಸಬೇಕು.

ಮುಖ್ಯ ಔಷಧ ಲೆವೊಡೋಪಾದ ಕಥೆ ಇನ್ನೂ ವಿಚಿತ್ರ. ಡೋಪಮಿನ್ ಬತ್ತಿದ ಜಾಲಕ್ಕೆ ಅದು ಜೀವ ಕೊಡುತ್ತೆ, ಯೋಜನೆ ಹಾಕೋದು ಸುಧಾರಿಸುತ್ತೆ. ಆದರೆ ಕಾಯಿಲೆಯ ಆರಂಭದಲ್ಲಿ ಇನ್ನೂ ಚೆನ್ನಾಗಿರುವ ಪಕ್ಕದ ಜಾಲಕ್ಕೆ ಅದೇ ಡೋಸ್ ಅತಿಯಾಗಿ, ತಪ್ಪಿನಿಂದ ಕಲಿಯುವಂಥ ಕೆಲವು ಸಾಮರ್ಥ್ಯ ಕೆಡಬಹುದು. ಜಾತ್ರೆಯ ಮೈಕ್ ಸೆಟ್ಟಿನಲ್ಲಿ ಹಿಂದಿನ ಸಾಲಿಗೆ ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಸಾಲಿಗೆ ಕಿವಿ ಗುಯ್‌ಗುಟ್ಟಿದ ಹಾಗೆ. ಮಾತ್ರೆಯ ಪ್ರಭಾವ ಇರುವ ಹೊತ್ತನ್ನು 'ಆನ್' ಅಂತಾರೆ, ಇಳಿದ ಹೊತ್ತನ್ನು 'ಆಫ್' ಅಂತಾರೆ. ಪರೀಕ್ಷೆ ಮಾಡಬೇಕಾದ್ದು ಆನ್ ಇರುವಾಗ. ಬೆಳಿಗ್ಗೆ ಐದಕ್ಕೆ ಊರು ಬಿಟ್ಟು, ಬಸ್ಸಲ್ಲಿ ಮಾತ್ರೆ ತಪ್ಪಿಸಿಕೊಂಡು, ಒಪಿಡಿ ಸರದಿಯಲ್ಲಿ ಮೂರು ತಾಸು ಕೂತು, ಮಧ್ಯಾಹ್ನ ಒಂದಕ್ಕೆ ಗಡಿಯಾರ ಬರೆದವರ ಅಂಕ ಅಳೆದಿದ್ದು ಏನನ್ನು?

ಪಾರ್ಕಿನ್ಸನ್ಸ್ ಇರುವವರ ದನಿ ಸಣ್ಣದಾಗುತ್ತೆ, ಅಕ್ಷರ ಕಿರಿದಾಗುತ್ತೆ, ಕೈ ನಿಧಾನವಾಗುತ್ತೆ. ಹಾಗಾಗಿ ಸ್ಟಾಪ್‌ವಾಚ್ ಹಿಡಿದು ಕೈಬರಹದ ಪರೀಕ್ಷೆ ಕೊಟ್ಟರೆ ಅಳೆಯೋದು ಬೆರಳನ್ನು. ಬಾಯಿಮಾತಿನಲ್ಲಿ ಉತ್ತರಿಸುವ, ಸಮಯದ ಮಿತಿ ಇಲ್ಲದ ಪರೀಕ್ಷೆಗಳನ್ನು ಆರಿಸಿಕೊಳ್ಳೋದು ಒಳ್ಳೇ ನ್ಯೂರೋಸೈಕಾಲಜಿಸ್ಟ್‌ನ ಲಕ್ಷಣ.

ಶಾಲೆಗೆ ಹೋಗದವರ ಬುದ್ಧಿಯನ್ನು ಅಳೆಯೋದು

2011ರ ಜನಗಣತಿ ಪ್ರಕಾರ ದೇಶದ 60 ದಾಟಿದವರಲ್ಲಿ ಸಾಕ್ಷರರು ಶೇ 44. ಗಂಡಸರಲ್ಲಿ ಶೇ 59, ಹೆಂಗಸರಲ್ಲಿ ಶೇ 28. ಮೋಕಾ ಪರೀಕ್ಷೆ ಕೆನಡಾದಲ್ಲಿ ಹುಟ್ಟಿದ್ದು, 2005ರಲ್ಲಿ ಪ್ರಕಟವಾಗಿದ್ದು. 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಅದು ಒಂದು ಅಂಕ ಸೇರಿಸಿ ಕೊಡುತ್ತೆ. ಪಿಯುಸಿ ಮುಗಿಸಿದವರಿಗೂ ಒಂದೇ ಅಂಕ, ಒಂದನೇ ಕ್ಲಾಸಿಗೂ ಹೋಗದವರಿಗೂ ಒಂದೇ ಅಂಕ. ಈ ಗ್ರೇಸ್ ಮಾರ್ಕ್ಸ್ ನಮ್ಮ ಹಳ್ಳಿಯ ಅಜ್ಜಿಗೆ ಏನೂ ಸಾಕಾಗಲ್ಲ. ಆಮೇಲೆ ಮೋಕಾದವರೇ ಓದುಬರಹ ಇಲ್ಲದವರಿಗಾಗಿ ಬೇರೆ ಆವೃತ್ತಿ ತಂದರು. ಅಂದರೆ ಕೊರತೆ ಅವರಿಗೂ ಗೊತ್ತಿತ್ತು.

ತಪ್ಪು ಎರಡೂ ಕಡೆ ಆಗುತ್ತೆ. ಓದದವರಿಗೆ ಇಲ್ಲದ ಕಾಯಿಲೆಯ ಹಣೆಪಟ್ಟಿ ಬೀಳುತ್ತೆ. ಜೀವನವಿಡೀ ಲೆಕ್ಕಪತ್ರ ನೋಡಿದ ನಿವೃತ್ತ ಬ್ಯಾಂಕ್ ಮ್ಯಾನೇಜರ್‌ಗೆ ಬುದ್ಧಿ ಸಾಕಷ್ಟು ಕುಂದಿದ್ದರೂ ಅಂಕ ಇನ್ನೂ ಗೆರೆಯ ಮೇಲೇ ಇರುತ್ತೆ, 'ನಿಮಗೇನೂ ಆಗಿಲ್ಲ ಸರ್' ಅಂತ ಕಳಿಸ್ತಾರೆ. ಆತನಿಗೆ ಮಾತ್ರ ಗೊತ್ತು ತನ್ನ ತಲೆ ಮೊದಲಿನ ಹಾಗೆ ಓಡ್ತಾ ಇಲ್ಲ ಅಂತ. 2012ರ ಮಾನದಂಡ ಇದಕ್ಕೊಂದು ದಾರಿ ಬಿಟ್ಟಿದೆ: ಬೇರೆಯವರ ಸರಾಸರಿಯ ಬದಲು, ಅದೇ ವ್ಯಕ್ತಿಯ ಹಿಂದಿನ ಅಂಕಕ್ಕೋ ಹಿಂದಿನ ಸಾಮರ್ಥ್ಯಕ್ಕೋ ಹೋಲಿಸಬಹುದು. ನನ್ನ ಪ್ರಕಾರ ನಮ್ಮಂಥ ಸಮಾಜಕ್ಕೆ ಇದೇ ಹೆಚ್ಚು ನ್ಯಾಯವಾದ ದಾರಿ. ಆದರೆ ಅದಕ್ಕೆ ಕಾಯಿಲೆ ಗೊತ್ತಾದ ಮೊದಲ ವರ್ಷವೇ ಒಂದು ಪರೀಕ್ಷೆ ಮಾಡಿ ಅಂಕ ಬರೆದಿಟ್ಟಿರಬೇಕು. ನಡುಕಕ್ಕೆ ಮಾತ್ರೆ ಬರೆದು ಕಳಿಸುವ ಐದು ನಿಮಿಷದ ಒಪಿಡಿಯಲ್ಲಿ ಅದಕ್ಕೆ ಪುರಸೊತ್ತೆಲ್ಲಿ?

ನಮ್ಮಲ್ಲಿ ಕೆಲಸ ಆಗೇ ಇಲ್ಲ ಅಂತಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಅಧ್ಯಯನಕ್ಕಾಗಿ 1995ರಷ್ಟು ಹಿಂದೆಯೇ ಓದುಬರಹ ಇಲ್ಲದವರಿಗೆ ಹೊಂದುವ ಹಿಂದಿ ಪರೀಕ್ಷೆ ಬಂತು. ನಿಮ್ಹಾನ್ಸ್ 2004ರಲ್ಲಿ ತನ್ನದೇ ಪರೀಕ್ಷಾ ಸರಣಿ ತಂದಿತು. ಅದರ ಹೋಲಿಕೆಯ ಅಂಕಿಅಂಶ ಇದ್ದಿದ್ದು 16ರಿಂದ 65 ವರ್ಷದವರಿಗೆ. ಆಮೇಲೆ ವೃದ್ಧರಿಗಾಗಿಯೇ ಬೇರೆ ಸರಣಿಯನ್ನು ಅಲ್ಲಿನ ತಜ್ಞರು ಸಿದ್ಧಪಡಿಸಿದರು. ಐಸಿಎಂಆರ್ ನೇತೃತ್ವದಲ್ಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಿಗೆ ಒಂದೇ ಅಳತೆಯ ಪರೀಕ್ಷಾ ಪೆಟ್ಟಿಗೆ ತಯಾರಾಗಿ, ಅದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು.

ಇದು ಬರೀ ಅನುವಾದದ ಕೆಲಸ ಅಂದುಕೊಂಡರೆ ತಪ್ಪು. ಇಂಗ್ಲಿಷ್‌ನಲ್ಲಿ 'ಎಫ್ ಅಕ್ಷರದಿಂದ ಶುರುವಾಗುವ ಪದ ಹೇಳಿ' ಅಂತಾರೆ. ಕನ್ನಡದಲ್ಲಿ 'ಕ' ಅಂದರೆ ಕಾ, ಕಿ, ಕೀ, ಕು ಎಲ್ಲ ಸೇರುತ್ತಾ? ಕಾಗುಣಿತ ಕಲಿತವರು ಒಂದು ರೀತಿ ಯೋಚಿಸ್ತಾರೆ, ಅಕ್ಷರವೇ ಕಲಿಯದವರಿಗೆ ಈ ಪ್ರಶ್ನೆಯೇ ಅರ್ಥ ಆಗಲ್ಲ. ಅದಕ್ಕಿಂತ 'ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳ್ತೀರಿ' ಅನ್ನೋದು ಎಲ್ಲರಿಗೂ ನಿಲುಕುತ್ತೆ. ಖಡ್ಗಮೃಗದ ಚಿತ್ರ ತೋರಿಸಿ ಹೆಸರು ಕೇಳುವ ಬದಲು ಎಮ್ಮೆ ತೋರಿಸಿದರೆ ತೀರಾ ಸುಲಭ. ನಡುವಿನದ್ದನ್ನು ಹುಡುಕಿ, ನೂರಾರು ಜನರ ಮೇಲೆ ಪ್ರಯೋಗಿಸಿ ನೋಡಬೇಕು. ಇನ್ನು ಮನೆಯಲ್ಲಿ ತುಳು, ಉರ್ದು, ಕೊಂಕಣಿ, ಲಂಬಾಣಿ ಮಾತಾಡುವವರನ್ನು 'ಕರ್ನಾಟಕದವರಲ್ವಾ' ಅಂತ ಕನ್ನಡದಲ್ಲೇ ಕೇಳಿದರೆ, ಅಂಕದಲ್ಲಿ ಎಷ್ಟು ಪಾಲು ಕಾಯಿಲೆಯದು, ಎಷ್ಟು ಭಾಷೆಯದು?

'ಸ್ವತಂತ್ರವಾಗಿ ಬದುಕ್ತಾರಾ?' ಅನ್ನುವ ಕಷ್ಟದ ಪ್ರಶ್ನೆ

ಎಂಸಿಐ ಮತ್ತು ಡಿಮೆನ್ಷಿಯಾ ನಡುವಿನ ಗೆರೆ ನಿಂತಿರೋದು ದಿನನಿತ್ಯದ ಸ್ವಾತಂತ್ರ್ಯದ ಮೇಲೆ ಅಂದೆನಲ್ಲ. ಒಂಟಿಯಾಗಿ ಬದುಕುವ, ತನ್ನ ಬ್ಯಾಂಕು, ಅಡುಗೆ, ಕಾರು ತಾನೇ ನೋಡಿಕೊಳ್ಳುವ ಯುರೋಪಿನ ವೃದ್ಧರಲ್ಲಿ ಇದನ್ನು ಅಳೆಯೋದು ಸುಲಭ. ನಮ್ಮ ಮನೆಗಳಲ್ಲಿ? ಜೀವನದಲ್ಲಿ ಒಂದು ಲೋಟ ಕಾಫಿಯನ್ನೂ ಮಾಡಿಕೊಳ್ಳದ ಯಜಮಾನರಿಗೆ ಅಡುಗೆ ಮಾಡೋಕೆ ಬರುತ್ತಾ ಅಂತ ಕೇಳಿ ಏನು ಪ್ರಯೋಜನ? ಸೊಸೆ ಬಂದ ಮೇಲೆ ಅಡುಗೆಮನೆ ಬಿಟ್ಟುಕೊಟ್ಟ ಅತ್ತೆ, ಬ್ಯಾಂಕಿಗೆ ಎಂದೂ ಒಬ್ಬರೇ ಹೋಗದ ಹೆಂಗಸು, ಮೊಬೈಲ್‌ನಲ್ಲಿ ಒಟಿಪಿ ಬಂದರೆ ಮೊಮ್ಮಗನಿಗೆ ಕೊಡುವ ತಾತ — ಇವರ 'ಸ್ವಾತಂತ್ರ್ಯ' ಕಾಯಿಲೆಗೆ ಮೊದಲೇ ಬೇರೆಯವರ ಕೈಯಲ್ಲಿತ್ತು. ಕೂಡುಕುಟುಂಬ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೋ ಅಷ್ಟೇ ಚೆನ್ನಾಗಿ ಕಾಯಿಲೆಯನ್ನು ಮುಚ್ಚಿಡುತ್ತೆ.

ಹಾಗಾಗಿ ಕೇಳಬೇಕಾದ್ದು 'ಮೊದಲು ಏನು ಮಾಡ್ತಿದ್ರು, ಈಗ ಯಾವುದು ಬಿಟ್ಟಿದ್ದಾರೆ' ಅಂತ. ಚೀಟಿ ಹಣದ ಲೆಕ್ಕ, ಹಾಲಿನ ಡೇರಿಯ ಲೆಕ್ಕ, ಹಬ್ಬಕ್ಕೆ ಯಾರ್‍ಯಾರಿಗೆ ಹೇಳಬೇಕು ಅನ್ನೋ ಪಟ್ಟಿ, ರಂಗೋಲಿಯ ಚುಕ್ಕಿ, ಚೌಕಾಬಾರ ಆಟ, ಸಂತೆಯ ಚೌಕಾಸಿ, ಯಾವ ಗದ್ದೆಗೆ ಯಾವತ್ತು ನೀರು. ಬಿಟ್ಟಿದ್ದು ಕೈ ಬಾರದೇ ಇದ್ದಿದ್ದಕ್ಕೋ, ತಲೆ ಓಡದೇ ಇದ್ದಿದ್ದಕ್ಕೋ ಅಂತ ಬಿಡಿಸಿ ಕೇಳಬೇಕು. ರವಿಕೆಯ ಗುಂಡಿ ಹಾಕೋಕೆ ಆಗದಿರೋದು ಬೆರಳಿನ ಸಮಸ್ಯೆ. ಸೀರೆ ಉಟ್ಟ ಮೇಲೆ ಲಂಗ ಹುಡುಕೋದು ಬೇರೆಯೇ ಸಮಸ್ಯೆ.

ಒಂದು ಉಪಾಯ ಮಾತ್ರ ಎಲ್ಲ ದೇಶಕ್ಕೂ ಹೊಂದುತ್ತೆ. ಡಿಮೆನ್ಷಿಯಾ ಮಾನದಂಡದ ಜೊತೆ 2007ರಲ್ಲಿ ಶಿಫಾರಸು ಮಾಡಿದ ಮಾತ್ರೆ ಪ್ರಶ್ನಾವಳಿ ಅದು. ರೋಗಿಯನ್ನೇ ಕೇಳೋದು: ನೀವು ಯಾವ್ಯಾವ ಮಾತ್ರೆ ತಗೊಳ್ತೀರಿ, ಎಷ್ಟು ಹೊತ್ತಿಗೆ, ಎಷ್ಟೆಷ್ಟು? ಪಾರ್ಕಿನ್ಸನ್ಸ್‌ನಲ್ಲಿ ದಿನಕ್ಕೆ ನಾಲ್ಕೈದು ಸಲ ಮಾತ್ರೆ ಇರುತ್ತೆ, ಹೊತ್ತು ತಪ್ಪಿದರೆ ಮೈ ಮರಗಟ್ಟುತ್ತೆ. ಹೆಸರು ಬರದಿದ್ದರೂ 'ಹಳದಿ ಅರ್ಧ, ಬೆಳಗ್ಗೆ ತಿಂಡಿಗೆ ಮುಂಚೆ' ಅಂದರೆ ಸಾಕು.

ಪತ್ತೆಯಾದರೆ ಏನು ಲಾಭ?

ನೇರವಾಗಿ ಹೇಳಬೇಕಂದ್ರೆ, ಪಾರ್ಕಿನ್ಸನ್ಸ್ ಎಂಸಿಐಗೆ ಕೆಲಸ ಮಾಡುತ್ತೆ ಅಂತ ಸಾಬೀತಾದ ಔಷಧ ಇಲ್ಲ. ರಿವಾಸ್ಟಿಗ್ಮಿನ್ ಅನ್ನೋದು ಡಿಮೆನ್ಷಿಯಾ ಹಂತಕ್ಕೆ ಒಪ್ಪಿಗೆ ಪಡೆದ ಮಾತ್ರೆ. 'ಮೆಮೊರಿ ಟಾನಿಕ್' ಮಾರುವವರನ್ನು ದೂರ ಇಡಿ.

ಮುಂದೇನಾಗುತ್ತೆ ಅನ್ನೋ ಸೂಚನೆ ಮಾತ್ರ ಸಿಗುತ್ತೆ. ನಾರ್ವೆಯ ಪಾರ್ಕ್‌ವೆಸ್ಟ್ ಅಧ್ಯಯನದಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದವರನ್ನು ಮೂರು ವರ್ಷ ಹಿಂಬಾಲಿಸಿದರು. ಶುರುವಿನಲ್ಲೇ ಎಂಸಿಐ ಇದ್ದ 37 ಜನರಲ್ಲಿ 10 ಮಂದಿಗೆ ಡಿಮೆನ್ಷಿಯಾ ಬಂತು. ಇಲ್ಲದ 145 ಜನರಲ್ಲಿ ಒಬ್ಬರಿಗೆ. ಅದೇ 37ರಲ್ಲಿ 8 ಮಂದಿ ಮತ್ತೆ ಸಾಮಾನ್ಯ ಸ್ಥಿತಿಗೆ ಮರಳಿದರು ಅನ್ನೋದನ್ನೂ ಮರೆಯಬಾರದು. ಯಾವ ಕ್ಷೇತ್ರದಲ್ಲಿ ಕುಂದು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಇಂಗ್ಲೆಂಡಿನ ಕೇಂಬ್ರಿಜ್ ಸುತ್ತಮುತ್ತಲಿನ ಅಧ್ಯಯನದಲ್ಲಿ, ಪ್ರಾಣಿಗಳ ಹೆಸರು ಹೇಳೋದರಲ್ಲಿ ಮತ್ತು ಒಂದರ ಮೇಲೊಂದು ಬರುವ ಐದುಕೋನಗಳ ಚಿತ್ರ ನಕಲು ಮಾಡೋದರಲ್ಲಿ ಎಡವಿದವರಿಗೆ ಮುಂದೆ ಡಿಮೆನ್ಷಿಯಾ ಬರುವ ಸಂಭವ ಹೆಚ್ಚಿತ್ತು. ಬರೀ ಯೋಜನೆ, ಗಮನದ ತೊಡಕು ಇದ್ದವರದು ಅಷ್ಟು ವೇಗವಾಗಿ ಕೆಡಲಿಲ್ಲ.

ಸಿಡ್ನಿಯ ಹಳೇ ಅಧ್ಯಯನದಲ್ಲಿ ಇಪ್ಪತ್ತು ವರ್ಷ ಬದುಕುಳಿದವರಲ್ಲಿ ಶೇ 83 ಮಂದಿಗೆ ಡಿಮೆನ್ಷಿಯಾ ಇತ್ತು ಅನ್ನುವ ಅಂಕಿ ಇಂಟರ್ನೆಟ್‌ನಲ್ಲಿ ಎಲ್ಲರನ್ನೂ ಹೆದರಿಸುತ್ತೆ. 2024ರಲ್ಲಿ ಪ್ರಕಟವಾದ ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಹತ್ತು ವರ್ಷಕ್ಕೆ ಈ ಪ್ರಮಾಣ ಶೇ 10ಕ್ಕಿಂತ ಕಡಿಮೆ. ಸಮಾಧಾನದ ಸುದ್ದಿ. ಆದರೆ ಅದರಲ್ಲಿ ಪಾಲ್ಗೊಂಡವರು ಬಹುಪಾಲು ಬಿಳಿಯರು, ಚೆನ್ನಾಗಿ ಓದಿದವರು, ಸಂಶೋಧನೆಗೆ ತಾವಾಗಿ ಮುಂದೆ ಬಂದವರು. ಮತ್ತೆ ಅದೇ ಪ್ರಶ್ನೆ, ಯಾರನ್ನು ಅಳೆದರು?

ಔಷಧ ಇಲ್ಲದಿದ್ದರೂ ಪತ್ತೆಯಿಂದ ನಿರ್ಧಾರಗಳು ಬದಲಾಗುತ್ತವೆ. ಮೆದುಳಿಗೆ ಎಲೆಕ್ಟ್ರೋಡ್ ಇಡುವ ಡಿಬಿಎಸ್ ಶಸ್ತ್ರಚಿಕಿತ್ಸೆಗೆ ಲಕ್ಷಗಟ್ಟಲೆ ಹಣ ಸುರಿಯುವ ಮೊದಲು ಅರಿವಿನ ಪರೀಕ್ಷೆ ಆಗಲೇಬೇಕು. ಡಿಮೆನ್ಷಿಯಾ ಇದ್ದವರಿಗೆ ಅದನ್ನು ಸಾಮಾನ್ಯವಾಗಿ ಮಾಡಲ್ಲ. ಮಂಕು ಕವಿಸುವ ಮಾತ್ರೆ ತೆಗೆಯಬಹುದು. ಸ್ಕೂಟರ್ ಓಡಿಸೋದು, ಪಂಪ್‌ಸೆಟ್ಟಿನ ಕರೆಂಟ್ ಕೆಲಸ ಮಾಡೋದರ ಬಗ್ಗೆ ಮಾತಾಡಬಹುದು. ಮನೆಯವರಿಗೆ 'ಸೋಂಬೇರಿತನ ಅಲ್ಲ' ಅಂತ ಅರ್ಥ ಆದರೆ ಅರ್ಧ ಜಗಳ ಕಡಿಮೆ.

ಹಕ್ಕಿನ ವಿಷಯವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ಸ್ ಇದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯೋದು, ಹುದ್ದೆ ಇಳಿಸೋದು ಕೂಡದು ಅಂತ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತೆ. 13ನೇ ಸೆಕ್ಷನ್ ಪ್ರಕಾರ ಆಸ್ತಿ ಹೊಂದುವ, ಹಣಕಾಸು ನಿರ್ವಹಿಸುವ ಹಕ್ಕು ಎಲ್ಲರಂತೆ ಅವರಿಗೂ ಇದೆ. ಎಂಸಿಐ ಅಂತ ಚೀಟಿಯಲ್ಲಿ ಬರೆದ ಮಾತ್ರಕ್ಕೆ ಆ ವ್ಯಕ್ತಿ ವಿಲ್ ಬರೆಯೋಕೆ, ಜಮೀನಿನ ಪತ್ರಕ್ಕೆ ಸಹಿ ಹಾಕೋಕೆ ಅನರ್ಹರಾಗಲ್ಲ. ಸಹಿ ಕಿರಿದಾಗಿದೆ, ಹೊಂದಲ್ಲ ಅಂತ ಬ್ಯಾಂಕು ವಾಪಸ್ ಕಳಿಸೋದು ಕೈಯ ಸಮಸ್ಯೆಗೆ ಕೊಡುವ ಶಿಕ್ಷೆ. 'ಅಪ್ಪನಿಗೆ ತಲೆ ಸರಿಯಿಲ್ಲ' ಅಂತ ಆಸ್ತಿ ವ್ಯಾಜ್ಯದಲ್ಲಿ ಈ ಚೀಟಿಯನ್ನು ಅಸ್ತ್ರ ಮಾಡಿಕೊಳ್ಳುವ ಮಕ್ಕಳಿಗೆ ಕಾನೂನು ಅಷ್ಟು ಸಲೀಸಾಗಿ ದಾರಿ ಬಿಡಲ್ಲ.

ಎಲ್ಲಿಗೆ ಹೋಗೋದು, ಏನು ಕೇಳೋದು

ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮೆದುಳಿನ ಆರೋಗ್ಯ ಯೋಜನೆಯನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿತು, ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಒಳ್ಳೇ ಹೆಜ್ಜೆ. ಅದರ ಗಮನ ಹೆಚ್ಚಾಗಿ ಪಾರ್ಶ್ವವಾಯು, ಮೂರ್ಛೆ, ತಲೆನೋವು, ಡಿಮೆನ್ಷಿಯಾ ಮೇಲೆ. ಪಾರ್ಕಿನ್ಸನ್ಸ್ ಅಂತ ಮಾತ್ರೆ ತಗೊಳ್ಳೋಕೆ ಬಂದವರಿಗೂ ಅಲ್ಲೇ ಮೊದಲ ಹಂತದ ಅರಿವಿನ ಪರೀಕ್ಷೆ ಮಾಡೋದು ಅಸಾಧ್ಯವಾದ ಬೇಡಿಕೆ ಅಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಕಾಗದದ ಮೇಲೆ ಇದ್ದೇ ಇದೆ. 1996ರಲ್ಲಿ ಶುರುವಾದ ಆ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ನಿಮ್ಮ ಜಿಲ್ಲೆಯಲ್ಲಿ ಆ ಹುದ್ದೆ ಭರ್ತಿಯಾಗಿದೆಯಾ ಅಂತ ಒಂದು ಆರ್‌ಟಿಐ ಹಾಕಿ ಕೇಳಬಹುದು.

ಮನೆಯಲ್ಲಿ ಪಾರ್ಕಿನ್ಸನ್ಸ್ ಇರುವ ಹಿರಿಯರಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಆಯುರ್ವೇದದ ಪುಡಿ ಸೇರಿಸಿ. ಮಧ್ಯಾಹ್ನದ ಡೋಸ್ ಮತ್ತು ಊಟ ಕೈಯಲ್ಲಿರಲಿ. ಕಳೆದ ವರ್ಷ ಮಾಡುತ್ತಿದ್ದು ಈಗ ಬಿಟ್ಟ ಮೂರು ನಾಲ್ಕು ಕೆಲಸ ಬರೆದುಕೊಳ್ಳಿ. ಬರೆಯುವಾಗ ಅವರನ್ನೂ ಕೇಳಿ. ಅವರ ಎದುರೇ, ಅವರನ್ನು ಬಿಟ್ಟು ಡಾಕ್ಟರ ಜೊತೆ ಮಾತಾಡಬೇಡಿ. ನಿದ್ದೆಯಲ್ಲಿ ಕಿರುಚೋದು, ಕೈಕಾಲು ಬಡಿಯೋದು, ಇಲ್ಲದ ಜನ ಅಥವಾ ಪ್ರಾಣಿ ಕಂಡಂತಾಗೋದು ಇದ್ದರೆ ಸಂಕೋಚ ಬಿಟ್ಟು ಹೇಳಿ. ಪರೀಕ್ಷೆಯನ್ನು ಮನೆಮಾತಿನಲ್ಲಿ ಮಾಡೋಕೆ ಆಗುತ್ತಾ ಅಂತ ಕೇಳಿ. ಪರೀಕ್ಷೆ ಆದ ಮೇಲೆ 'ನಾರ್ಮಲ್' ಅಂದರೂ ಯಾವ ಪರೀಕ್ಷೆ, ಎಷ್ಟಕ್ಕೆ ಎಷ್ಟು, ಯಾವ ಭಾಷೆಯಲ್ಲಿ, ಮಾತ್ರೆ ತಗೊಂಡು ಎಷ್ಟು ಹೊತ್ತಾಗಿತ್ತು — ಇಷ್ಟನ್ನೂ ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ. ಮುಂದಿನ ವರ್ಷ ಆ ಕುರ್ಚಿಯಲ್ಲಿ ಬೇರೆ ಡಾಕ್ಟರ್ ಕೂತಿದ್ದರೂ ಹೋಲಿಸಿ ನೋಡೋಕೆ ಆ ಚೀಟಿ ಬೇಕಾಗುತ್ತೆ.